ಕಥೆಯ ವಾಕ್ಯಕ್ಕೆ ಕಿವಿಯ ಪರೀಕ್ಷೆ: ಎಡ್ಜ್ ಬ್ರೌಸರಿನ ಕನ್ನಡ ದನಿ ಕಥೆಗಾರರಿಗೆ ಎಷ್ಟು ಉಪಯೋಗ?

ದೀಪಾವಳಿ ವಿಶೇಷಾಂಕಕ್ಕೋ ಕಥಾಸ್ಪರ್ಧೆಗೋ ಕಥೆ ಕಳಿಸುವವರು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಬಹಳ ಮಂದಿ. ಕೈಬರಹದ ಹಾಳೆ ಡಿಟಿಪಿ ಅಂಗಡಿಗೆ ಹೋಗುತ್ತದೆ, ಟೈಪ್ ಆಗಿ ಬರುತ್ತದೆ, ಕಾಗುಣಿತ ತಿದ್ದುತ್ತೇವೆ, ಪದ ಎಣಿಸುತ್ತೇವೆ, ಕಳಿಸುತ್ತೇವೆ. ವಾಕ್ಯ ಹೇಗೆ ಕಟ್ಟಿದೆ, ಕಥೆಯನ್ನು ಯಾರ ಕಣ್ಣಿಂದ ನೋಡುತ್ತಿದ್ದೇವೆ ಎಂಬ ಎರಡು ಪ್ರಶ್ನೆ ಹಾಗೇ ಉಳಿದುಬಿಡುತ್ತವೆ. ತಾವು ಬರೆದದ್ದನ್ನು ತಾವೇ ಓದಿದರೆ ಈ ದೋಷ ಸಿಗುವುದಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಪದಕ್ಕೆ ಒತ್ತು ಕೊಡಬೇಕು ಅಂತ ಬರೆದವರಿಗೆ ಮೊದಲೇ ಗೊತ್ತಿರುತ್ತದೆ. ಹಾಳೆಯ ಮೇಲೆ ಇಲ್ಲದ್ದನ್ನೂ ಅವರ ದನಿ ತುಂಬಿಕೊಟ್ಟುಬಿಡುತ್ತದೆ.

ಇದಕ್ಕೊಂದು ಪುಕ್ಕಟೆ ಉಪಾಯ ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರಿನಲ್ಲಿದೆ. ಅದರ 'ರೀಡ್ ಅಲೌಡ್' ಸೌಲಭ್ಯ ತೆರೆಯ ಮೇಲಿನ ಬರಹವನ್ನು ಓದಿ ಹೇಳುತ್ತದೆ. ಕನ್ನಡಕ್ಕೆ ಎರಡು ದನಿ ಇವೆ: ಹೆಣ್ಣುದನಿ ಸಪ್ನಾ, ಗಂಡುದನಿ ಗಗನ್. ಕಥೆ ತಿದ್ದಲಿಕ್ಕೆಂದು ಮಾಡಿದ ಸಾಧನ ಇದಲ್ಲ. ಆದರೆ ಈ ದನಿಗೆ ನಿಮ್ಮ ಕಥೆ ಗೊತ್ತಿಲ್ಲ, ನಿಮ್ಮ ಮೇಲೆ ಮಮತೆಯೂ ಇಲ್ಲ. ಹಾಳೆಯಲ್ಲಿ ಇದ್ದಷ್ಟನ್ನೇ ಓದುತ್ತದೆ. ಕಥೆಗಾರನಿಗೆ ಬೇಕಾದದ್ದೂ ಅದೇ.

ತೀರ್ಪನ್ನು ಮೊದಲೇ ಹೇಳಿಬಿಡಬಹುದು. ವಾಕ್ಯರಚನೆ ತಿದ್ದಿಕೊಳ್ಳಲು ಇದಕ್ಕಿಂತ ಒಳ್ಳೆಯ ಪುಕ್ಕಟೆ ಸಾಧನ ಕನ್ನಡದಲ್ಲಿ ಸಿಗುವುದು ಕಷ್ಟ. ದೃಷ್ಟಿಕೋನದ ತಪ್ಪನ್ನು ಇದು ತಾನಾಗಿ ಹಿಡಿದುಕೊಡುವುದಿಲ್ಲ. ಯಾವ ಪದಕ್ಕೆ ಕಿವಿ ನಿಮಿರಬೇಕು ಎಂಬುದನ್ನು ಬರೆಯುವವರು ಮೊದಲೇ ಕಲಿತಿರಬೇಕು. ನಮ್ಮ ಕಡೆಯ ಆಡುಮಾತಿನ ಸಂಭಾಷಣೆಯ ವಿಷಯದಲ್ಲಿ ಮಾತ್ರ ಇದರ ಮಾತು ಕೇಳಲೇಬೇಡಿ.

ಸಿದ್ಧತೆ

ಇಲ್ಲಿ ಕೆಡುವುದೇ ಹೆಚ್ಚು. ಡಿಟಿಪಿ ಅಂಗಡಿಯಿಂದ ಬಂದ ಫೈಲು ಬಹಳ ಸಲ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿರುತ್ತದೆ. ನೋಡಲು ಕನ್ನಡ, ಒಳಗಿರುವುದು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆ. ಆ ಫೈಲನ್ನು ಯಾವ ಕನ್ನಡ ದನಿಯೂ ಓದಲಾರದು. ಪರೀಕ್ಷೆ ಸುಲಭ: ಒಂದು ಪ್ಯಾರಾ ಆಯ್ದುಕೊಂಡು ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್, ಅಂದರೆ ಯಾವ ಯಂತ್ರವೂ ಕನ್ನಡವೆಂದೇ ಗುರುತಿಸುವ ಅಕ್ಷರಸಂಕೇತ. ಅರ್ಥವಿಲ್ಲದ ಚಿಹ್ನೆಗಳಾದರೆ ಆಸ್ಕಿ. ಆಸ್ಕಿಯಾಗಿದ್ದರೆ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಆಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಪರಿವರ್ತನೆಯಲ್ಲಿ ಕೆಡುವುದಾದರೆ ಮೊದಲು ಅವೇ. ಹೊಸದಾಗಿ ಟೈಪ್ ಮಾಡಿಸುವವರು ಅಂಗಡಿಯಲ್ಲೇ "ಯೂನಿಕೋಡ್‌ನ್ಯಾಗ ಮಾಡಿಕೊಡ್ರಿ" ಅಂದರೆ ಈ ಕೆಲಸವೇ ಉಳಿಯುತ್ತದೆ.

ಪಿಡಿಎಫ್ ಮಾಡಿ ಓದಿಸುವ ಆಸೆ ಬೇಡ. ಎಡ್ಜ್ ಪಿಡಿಎಫ್ ಓದುತ್ತದೆ ನಿಜ, ಆದರೆ ಕನ್ನಡದ ಪಿಡಿಎಫ್‌ನಲ್ಲಿ ಸ್ವರಚಿಹ್ನೆ, ಒತ್ತುಗಳ ಕ್ರಮ ಒಳಗೊಳಗೇ ಅದಲುಬದಲಾಗಿರುವುದುಂಟು. ಕಣ್ಣಿಗೆ ಸರಿ ಕಂಡದ್ದು ಕಿವಿಗೆ ತೊದಲಾಗಿ ಬರುತ್ತದೆ. ಬರಹವನ್ನು ನೋಟ್‌ಪ್ಯಾಡಿಗೆ ಅಂಟಿಸಿ, ಉಳಿಸುವಾಗ 'ಎನ್‌ಕೋಡಿಂಗ್' ಎಂಬಲ್ಲಿ 'ಯುಟಿಎಫ್-8 ವಿತ್ ಬಾಮ್' ಆರಿಸಿಕೊಳ್ಳಿ. ಅಲ್ಲಿ 'ಆನ್ಸಿ' ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಮೂಲ ಪ್ರತಿ ಬೇರೆ ಕಡೆ ಇಲ್ಲದಿದ್ದರೆ ಕಥೆಯೇ ಹೋಯಿತು. ಉಳಿಸುವ ಮುನ್ನ ಇನ್ನೊಂದು ಕೆಲಸ: ಪ್ರತಿ ಪೂರ್ಣವಿರಾಮದ ನಂತರ ಎಂಟರ್ ಒತ್ತಿ, ಒಂದು ವಾಕ್ಯಕ್ಕೆ ಒಂದು ಸಾಲು ಮಾಡಿ. ಯಾವ ವಾಕ್ಯ ಎಷ್ಟು ಉದ್ದ ಎಂಬುದು ಕೇಳುವುದಕ್ಕೆ ಮುಂಚೆಯೇ ಕಾಣುತ್ತದೆ. ಒಂದೇ ಅಳತೆಯ ಸಾಲು ಎಂಟು-ಹತ್ತು ಒಟ್ಟಿಗೆ ಬಿದ್ದಿದ್ದರೆ ಅಲ್ಲಿ ಕಥೆ ಜೋಗುಳವಾಗುತ್ತಿದೆ ಅಂತಲೇ ಅರ್ಥ.

ಆ ಫೈಲನ್ನು ಎಡ್ಜ್ ಕಿಟಕಿಗೆ ಎಳೆದು ಬಿಡಿ. ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿದರೆ ಓದು ಶುರು. ಮೇಲೆ ಬರುವ ಪಟ್ಟಿಯಲ್ಲಿ 'ವಾಯ್ಸ್ ಆಪ್ಶನ್ಸ್' ತೆರೆದು ಸಪ್ನಾ ಅಥವಾ ಗಗನ್ ಆರಿಸಿ. ಇಂಗ್ಲಿಷ್ ದನಿ ಉಳಿದುಕೊಂಡಿದ್ದರೆ ಕನ್ನಡ ಸರಿಯಾಗಿ ಓದದೆ ಹೋಗಬಹುದು. "ಕೆಲಸ ಮಾಡವಲ್ದು" ಅಂತ ಕೈಬಿಡುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ವೇಗವನ್ನು ಮಾಮೂಲಿಗಿಂತ ಚೂರು ಕಡಿಮೆ ಇಡಿ. ಓದುತ್ತಿರುವ ಪದದ ಮೇಲೆ ಬಣ್ಣ ಬೀಳುತ್ತಾ ಹೋಗುತ್ತದೆ, ಆದರೆ ಮೊದಲ ಸಲ ತೆರೆ ನೋಡಬೇಡಿ. ಒಂದು ಕಾಗದ ಇಟ್ಟುಕೊಂಡು, ಮನಸ್ಸು ಆಚೀಚೆ ಹೋದಾಗಲೆಲ್ಲ ಒಂದು ಗೀಟು ಹಾಕಿ. ಎರಡನೆಯ ಸಲ ತೆರೆ ನೋಡುತ್ತಾ ಆ ಗೀಟು ಯಾವ ವಾಕ್ಯಕ್ಕೆ ಬಿತ್ತು ಅಂತ ಹುಡುಕಿ. ಒಂದು ಕೂತಿಗೆ ಐದುನೂರು ಪದ ಸಾಕು. ಅದಕ್ಕಿಂತ ಹೆಚ್ಚಾದರೆ ಕಿವಿ ಮೊಂಡಾಗುತ್ತದೆ.

ವಾಕ್ಯದಲ್ಲಿ ಕೇಳಿಬರುವ ದೋಷಗಳು

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದು ಬರುವ ತನಕ ಕೇಳುವವರು ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡು ನಿಂತಿರಬೇಕು. ಕಣ್ಣು ಹಿಂದೆ ಹೋಗಿ ನೋಡಿಕೊಂಡು ಬರಬಹುದು, ಕಿವಿಗೆ ಆ ಅನುಕೂಲ ಇಲ್ಲ. ದನಿಗೆ ಕೇಳಿಸಿದಾಗ ವಾಕ್ಯದ ಭಾರ ಗೊತ್ತಾಗುವುದು ಇದೇ ಕಾರಣಕ್ಕೆ. ಒಂದು ಉದಾಹರಣೆ:

"ನವನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಚೀಲ ಹೆಗಲಿಗೇರಿಸಿ, ಆಟೋದವನನ್ನು ದರ ಕೇಳಿ, ಜಾಸ್ತಿಯಾಯಿತೆಂದು ಬಿಟ್ಟು, ನಡೆದುಕೊಂಡೇ ಹೊರಟು, ದಾರಿಯಲ್ಲಿ ಚಹಾ ಕುಡಿದು, ಶಾಂತವ್ವ ಮಗಳ ಮನೆ ಮುಟ್ಟಿದಳು."

ವ್ಯಾಕರಣದ ತಪ್ಪು ಒಂದೂ ಇಲ್ಲ. ಸಪ್ನಾ ಇದನ್ನು ಓದಿದರೆ ಪ್ರತಿ ಅಲ್ಪವಿರಾಮಕ್ಕೂ ಅದೇ ಸಣ್ಣ ನಿಲುಗಡೆ, ಆರೂ ಕೆಲಸಕ್ಕೆ ಅದೇ ತೂಕ. ಯಾರು ಇಳಿದರು ಎಂಬುದು ಕೊನೆಯವರೆಗೆ ತಿಳಿಯುವುದಿಲ್ಲ. ಇದರಲ್ಲಿ ಕಥೆಗೆ ಬೇಕಾದ ಸಂಗತಿ ಒಂದೇ: ದುಡ್ಡು ಉಳಿಸಲು ಆ ಮುದುಕಿ ನಡೆದಳು. ಅದು ನಾಲ್ಕನೆಯ, ಐದನೆಯ ಕೊಂಡಿಗಳಲ್ಲಿ ಹೂತುಹೋಗಿದೆ. ಬಿಡಿಸಿ ಬರೆದರೆ:

"ಶಾಂತವ್ವ ನವನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಳು. ಆಟೋದವ ಹೇಳಿದ ದರ ಜಾಸ್ತಿ ಅನಿಸಿತು. ಚೀಲ ಹೆಗಲಿಗೇರಿಸಿ ನಡೆದೇ ಹೊರಟಳು."

ಚಹಾ ಬಿಟ್ಟುಹೋಯಿತು, ಅದು ಕಥೆಗೆ ಬೇಕಿರಲಿಲ್ಲ. 'ಇಳಿದು, ಕೇಳಿ, ಬಿಟ್ಟು' ಎಂಬ ಇಂಥ ಅಪೂರ್ಣ ಕ್ರಿಯೆಗಳು ಒಂದು ಪೂರ್ಣ ಕ್ರಿಯೆಗೆ ಎರಡು, ಹೆಚ್ಚೆಂದರೆ ಮೂರು. ಇದು ಶಾಸ್ತ್ರವಲ್ಲ, ಕಿವಿ ತಡೆದುಕೊಳ್ಳುವ ಮಿತಿ. ಮಿತಿ ಮೀರುವುದಕ್ಕೂ ಜಾಗ ಇದೆ. ಇಳಕಲ್ಲಿನ ಗುಣಿಮಗ್ಗದ ಮುಂದೆ ಕೂತವನ ಬಗ್ಗೆ "ತುಳಿದು, ಲಾಳಿ ಎಸೆದು, ಬಡಿದು, ಮತ್ತೆ ತುಳಿದು, ಮತ್ತೆ ಎಸೆದು, ಮತ್ತೆ ಬಡಿದು, ಮಧ್ಯಾಹ್ನದ ಹೊತ್ತಿಗೆ ಒಂದು ಮೊಳ ನೇಯ್ದಿದ್ದ" ಎಂದು ಬರೆದರೆ ಆರು ಕೊಂಡಿಯೂ ಬೇಕು. ಅಲ್ಲಿ ಎಲ್ಲ ಕೆಲಸಕ್ಕೂ ಒಂದೇ ತೂಕ ಇರುವುದೇ ಅರ್ಥ. ಯಂತ್ರದ ದನಿಯಲ್ಲೂ ಆ ವಾಕ್ಯ ಚೆನ್ನಾಗಿ ಕೇಳುತ್ತದೆ, ಬೇಕಾದರೆ ಹಾಕಿ ನೋಡಿ.

ಅಪೂರ್ಣ ಕ್ರಿಯೆಯ ಇನ್ನೊಂದು ತಪ್ಪು ಕರ್ತೃವಿನದು. "ಬಾಗಿಲು ತೆಗೆದು ಗಾಳಿ ಒಳಗೆ ನುಗ್ಗಿತು." ಬಾಗಿಲು ತೆಗೆದದ್ದು ಯಾರು? ವಾಕ್ಯದ ಪ್ರಕಾರ ಗಾಳಿ. 'ತೆಗೆದು' ಎಂದರೆ ಮುಂದಿನ ಪೂರ್ಣ ಕ್ರಿಯೆ ಮಾಡಿದವರೇ ಇದನ್ನೂ ಮಾಡಿರಬೇಕು. ಕರ್ತೃ ಬೇರೆಯಾದರೆ "ಬಾಗಿಲು ತೆಗೆದೊಡನೆ ಗಾಳಿ ನುಗ್ಗಿತು" ಅಥವಾ "ಶಾಂತವ್ವ ಬಾಗಿಲು ತೆಗೆಯುತ್ತಿದ್ದಂತೆ ಗಾಳಿ ನುಗ್ಗಿತು" ಆಗಬೇಕು. ಒಂದು ವಿನಾಯಿತಿ ಉಂಟು, ಅದನ್ನು ಮರೆತು ಒಳ್ಳೆಯ ವಾಕ್ಯ ಕೆಡಿಸಬಾರದು: "ಮಳೆ ಬಂದು ಕೆರೆ ತುಂಬಿತು" ಸರಿಯಾದ ಕನ್ನಡ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಿ, ಎರಡೂ ಯಾರೂ ಬೇಕೆಂದು ಮಾಡದ ಕೆಲಸಗಳಾಗಿದ್ದರೆ ಕರ್ತೃ ಬೇರೆಯಾದರೂ ಕನ್ನಡ ಒಪ್ಪುತ್ತದೆ.

ದನಿಯಲ್ಲಿ ಅತ್ಯಂತ ಸ್ಪಷ್ಟವಾಗಿ ಸಿಕ್ಕಿಬೀಳುವ ದೋಷ ನಾಮಪದದ ಮುಂದೆ ಪೇರಿಸಿದ ವಿಶೇಷಣ. "ಮುಳುಗಡೆಯಾದ ಊರಿನಿಂದ ತಂದ ಅಜ್ಜ ಕೊಡಿಸಿದ ಬಾಗಿಲು ಮುರಿದ ಕಟ್ಟಿಗೆಯ ಕಪಾಟು ಮೂಲೆಯಲ್ಲಿತ್ತು." ಇದನ್ನು ಗಗನ್ ಒಂದೇ ಉಸಿರಿಗೆ ಓದುತ್ತಾನೆ, ನಿಲ್ಲಲು ಅಲ್ಲಿ ಜಾಗವೇ ಇಲ್ಲ. ಕೇಳುವಾಗ "ತಂದ ಅಜ್ಜ" ಎಂದು ಅಜ್ಜನನ್ನೇ ತಂದ ಹಾಗೆ ಕೇಳುತ್ತದೆ. ಆಮೇಲೆ "ಅಜ್ಜ ಕೊಡಿಸಿದ ಬಾಗಿಲು" ಎಂದು ಬಾಗಿಲನ್ನು ಕೊಡಿಸಿದ ಹಾಗೆ. ಕಪಾಟು ಬರುವ ಹೊತ್ತಿಗೆ ಓದುಗ ಎರಡು ಸಲ ದಾರಿ ತಪ್ಪಿರುತ್ತಾನೆ. ಕನ್ನಡಕ್ಕೆ ಒಂದು ಸೊಗಸಾದ ಅನುಕೂಲ ಇದೆ, ಕ್ರಿಯಾಪದವಿಲ್ಲದ ಸಣ್ಣ ವಾಕ್ಯ. "ಮೂಲೆಯಲ್ಲಿ ಕಟ್ಟಿಗೆಯ ಕಪಾಟು. ಅಜ್ಜ ಕೊಡಿಸಿದ್ದು. ಊರು ಮುಳುಗಡೆಯಾದಾಗ ಹೊತ್ತು ತಂದದ್ದು. ಒಂದು ಬಾಗಿಲು ಮುರಿದಿತ್ತು." ನಾಮಪದಕ್ಕೆ ಮುಂದೆ ಒಂದು ವಿಶೇಷಣ ವಾಕ್ಯ ಸಾಕು, ಎರಡನೆಯದು ಬಂದರೆ ಅದನ್ನು ಹಿಂದಕ್ಕೆ ಕಳಿಸಿ.

ಹಾಗಂತ ಎಲ್ಲವನ್ನೂ ಕತ್ತರಿಸಿದರೆ ಇನ್ನೊಂದು ಕಾಯಿಲೆ. "ಶಾಂತವ್ವ ಬಂದಳು. ಕಟ್ಟೆಯ ಮೇಲೆ ಕುಂತಳು. ನೀರು ಕುಡಿದಳು. ಒಳಗೆ ನೋಡಿದಳು." ಪ್ರತಿ ವಾಕ್ಯದ ಕೊನೆಗೆ ದನಿ ಅದೇ ಕಡೆ ಇಳಿಯುತ್ತದೆ, 'ಳು, ಳು, ಳು' ಎಂದು ಬಡಿಯುತ್ತದೆ. ಲಿಂಗ-ವಚನದ ಪ್ರತ್ಯಯ ಕ್ರಿಯಾಪದಕ್ಕೇ ಅಂಟುವ ನಮ್ಮ ಭಾಷೆಯಲ್ಲಿ ಇದು ತಪ್ಪಿಸಿಕೊಳ್ಳಲಾಗದ ಅಪಾಯ. ಮದ್ದು ಮೂರು ಥರ. ಒಂದು ವಾಕ್ಯದಲ್ಲಿ ಕರ್ತೃವನ್ನು ಬದಲಿಸಿ: "ನೀರು ತಣ್ಣಗಿತ್ತು." ಒಂದನ್ನು ಕ್ರಿಯಾಪದವಿಲ್ಲದೆ ಬಿಡಿ: "ಒಳಗೆ ಕತ್ತಲು." ಅಥವಾ ಮಾತಿನಲ್ಲಿ ಆಗುವ ಹಾಗೆ ಒಂದು ತುಣುಕನ್ನು ಕ್ರಿಯಾಪದದ ಆಚೆಗೆ ಇಡಿ: "ಬಂದಳು ಶಾಂತವ್ವ, ಬರಿಗೈಯಲ್ಲಿ." ಈ ಮೂರನೆಯದಕ್ಕೆ ಬಲ ಜಾಸ್ತಿ, ಹಾಗಾಗಿ ಪುಟಕ್ಕೆ ಒಂದು ಸಲ ಸಾಕು.

"ಒಂದು ದೀರ್ಘವಾದ ಉಸಿರನ್ನು ತೆಗೆದುಕೊಂಡಳು", "ಪತ್ರವು ಅವನಿಂದ ಓದಲ್ಪಟ್ಟಿತು" ಮುಂತಾದ ಇಂಗ್ಲಿಷಿನ ಅಚ್ಚಿನ ವಾಕ್ಯಗಳು ದನಿಯಲ್ಲಿ ಕೇಳಿದರೆ ಕೂಡಲೇ ಪರಕೀಯ ಅನಿಸುತ್ತವೆ. "ಉದ್ದಕ್ಕೆ ಉಸಿರೆಳೆದಳು", "ಪತ್ರ ಓದಿದ" ಅಂದರೆ ಮುಗಿಯಿತು.

ಯಾರ ಕಣ್ಣು, ಯಾರ ಮನಸ್ಸು

ಇಲ್ಲಿ ದನಿ ಸಹಾಯಕ ಮಾತ್ರ. ದೃಷ್ಟಿಕೋನ ಜಾರಿದ ಪ್ಯಾರಾವನ್ನೂ ಸಪ್ನಾ ಅಷ್ಟೇ ಹಗುರಾಗಿ ಓದಿ ಮುಗಿಸುತ್ತಾಳೆ. ಕನ್ನಡದಲ್ಲಿ ದೃಷ್ಟಿಕೋನ ಕೂತಿರುವುದು ಬಹಳ ಸಣ್ಣ ಪದಗಳಲ್ಲಿ. ಕಿವಿ ಅವುಗಳಿಗಾಗಿ ಕಾಯುತ್ತಿರಬೇಕು.

ಮೊದಲನೆಯದು 'ತಾನು'. "ಶಾಂತವ್ವ ಸುಮ್ಮನೆ ಕುಂತಳು. ತಾನು ಬರಬಾರದಿತ್ತೇನೋ." 'ಅಂದುಕೊಂಡಳು' ಎಂಬ ಪದವೇ ಇಲ್ಲ, ಆದರೂ ನಾವು ಅವಳ ಮನಸ್ಸಿನೊಳಗೆ ಇದ್ದೇವೆ. ಅದೇ ಜಾಗದಲ್ಲಿ "ಅವಳು ಬರಬಾರದಿತ್ತೇನೋ" ಎಂದು ಬರೆಯಿರಿ. ಈಗ ಆ ಯೋಚನೆ ಮಗಳದೋ ಅಳಿಯನದೋ ನಿರೂಪಕನದೋ ಆಯಿತು. ಒಂದೇ ಪದ ಕಥೆಯ ಕಣ್ಣನ್ನು ಒಂದು ತಲೆಯಿಂದ ಇನ್ನೊಂದಕ್ಕೆ ಎತ್ತಿಟ್ಟಿತು. ಇಷ್ಟು ಅಗ್ಗಕ್ಕೆ ಇಷ್ಟು ದೊಡ್ಡ ಕೆಲಸ ಮಾಡುವ ಪದ ಕೈಯಲ್ಲಿದ್ದೂ ನಮ್ಮ ಎಷ್ಟೋ ಕಥೆಗಳಲ್ಲಿ 'ಎಂದು ಅವಳು ಮನದಲ್ಲೇ ಅಂದುಕೊಂಡಳು' ಪ್ಯಾರಾಕ್ಕೆ ಎರಡು ಸಲ ಬರುತ್ತದೆ. ಅದನ್ನು ಹುಡುಕಿ ತೆಗೆದು 'ತಾನು' ಇಟ್ಟು ಮತ್ತೆ ಕೇಳಿ. 'ತನ್ನ' ಎಡವಟ್ಟು ಮಾಡುವುದೂ ಉಂಟು: "ಮಗಳು ತನ್ನ ಚೀಲ ತೆಗೆದಿಟ್ಟಳೆಂದು ಶಾಂತವ್ವನಿಗೆ ಗೊತ್ತಾಯಿತು." ಚೀಲ ಮಗಳದೋ ಅವ್ವನದೋ? ಎರಡು ಹೆಂಗಸರು ಇರುವ ವಾಕ್ಯದಲ್ಲಿ 'ತನ್ನ' ಬಂದರೆ ನಿಂತು ನೋಡಿ. "ಅವ್ವನ ಚೀಲವನ್ನು ಮಗಳು ತೆಗೆದಿಟ್ಟಿದ್ದಳು. ಶಾಂತವ್ವನಿಗೆ ಗೊತ್ತಾಯಿತು" ಎಂದು ಒಡೆಯುವುದೇ ಕ್ಷೇಮ.

ಎರಡನೆಯದು '-ಗೆ/-ಇಗೆ' ಹಿಡಿದು ಬರುವ ಅನುಭವ. ಹಸಿವಾಯಿತು, ಸಿಟ್ಟು ಬಂತು, ನೆನಪಾಯಿತು, ಅನಿಸಿತು, ಗೊತ್ತಾಯಿತು. ಇವೆಲ್ಲ ಒಳಗಿನಿಂದ ಮಾತ್ರ ಹೇಳಬಹುದಾದ ಸಂಗತಿ. ಕಥೆ ಶಾಂತವ್ವನ ಕಣ್ಣಿನದಾಗಿದ್ದರೆ "ಅಳಿಯನಿಗೆ ಸಿಟ್ಟು ಬಂತು" ಅನ್ನುವ ಹಕ್ಕು ನಿರೂಪಣೆಗೆ ಇಲ್ಲ. "ಅಳಿಯ ತಾಟು ಸರಿಸಿದ" ಅನ್ನಬಹುದು, "ಸಿಟ್ಟು ಬಂದಿರಬೇಕು" ಅನ್ನಬಹುದು, "ಸಿಟ್ಟಿನಲ್ಲಿದ್ದಂತಿತ್ತು" ಅನ್ನಬಹುದು. ವಿಜಯಪುರದ ಗೋಳಗುಮ್ಮಟದ ಗ್ಯಾಲರಿಯಲ್ಲಿ ಆಚೆ ಬದಿಯ ಪಿಸುಮಾತು ಈಚೆ ಗೋಡೆಗೆ ಕಿವಿ ಕೊಟ್ಟವರಿಗೆ ಕೇಳುತ್ತದೆ, ಪಿಸುಗುಟ್ಟಿದವನ ಮನಸ್ಸಿನಲ್ಲಿ ಉಳಿದದ್ದು ಕೇಳುವುದಿಲ್ಲ. ಒಂದೇ ದೃಷ್ಟಿಕೋನದ ಕಥೆಯಲ್ಲಿ ಉಳಿದ ಪಾತ್ರಗಳೆಲ್ಲ ಆ ಆಚೆ ಬದಿಯಲ್ಲಿ ನಿಂತವರು. ಕಂಟ್ರೋಲ್ ಎಫ್ ಒತ್ತಿ 'ಅನಿಸಿತು', 'ಗೊತ್ತಾಯಿತು', 'ನೆನಪಾಯಿತು', 'ಬಂತು' ಹುಡುಕಿ, ಪ್ರತಿಯೊಂದರ ಹಿಂದೆ ಯಾರ ಹೆಸರಿದೆ ನೋಡಿ. ಹತ್ತು ನಿಮಿಷದ ಕೆಲಸ, ಅರ್ಧಕ್ಕರ್ಧ ಜಾರುವಿಕೆ ಇಲ್ಲೇ ಸಿಗುತ್ತದೆ.

ಮೂರನೆಯದು 'ಬಂದ' ಮತ್ತು 'ಹೋದ'. "ಅಳಿಯ ಅಡುಗೆಮನೆಗೆ ಬಂದ" ಅಂದರೆ ನೋಡುವವಳು ಅಡುಗೆಮನೆಯಲ್ಲಿದ್ದಾಳೆ. ಶಾಂತವ್ವ ಪಡಸಾಲೆಯಲ್ಲಿ ಕುಂತಿದ್ದರೆ "ಹೋದ" ಆಗಬೇಕು. ಇಲ್ಲಿ-ಅಲ್ಲಿ, ಇವತ್ತು-ಅವತ್ತು, ನಾಳೆ-ಮರುದಿನ ಇವುಗಳೂ ಹೀಗೇ. ತೆರೆ ನೋಡದೆ ಕಣ್ಣು ಮುಚ್ಚಿ ಕೇಳಿದರೆ ಈ ತಪ್ಪು ಚೆನ್ನಾಗಿ ತಿಳಿಯುತ್ತದೆ: ಮನಸ್ಸಿನಲ್ಲಿ ಮನೆಯ ನಕ್ಷೆ ಮೂಡಿರುತ್ತದೆ, 'ಬಂದ' ಅಂದಕೂಡಲೇ ನಿಂತ ಜಾಗ ಅಲುಗುತ್ತದೆ. ದೃಷ್ಟಿಕೋನದ ತಪ್ಪುಗಳಲ್ಲಿ ದನಿ ನಿಜವಾಗಿ ನೆರವಾಗುವುದು ಇದೊಂದಕ್ಕೆ.

ನಾಲ್ಕನೆಯದು ಸಂಬಂಧದ ಹೆಸರು ಮತ್ತು ಮರ್ಯಾದೆಯ ಪ್ರತ್ಯಯ. ಇದರ ಬಗ್ಗೆ ಮಾತಾಡುವವರು ಕಡಿಮೆ. ಶಾಂತವ್ವನ ಕಣ್ಣಿನಲ್ಲಿ ಆ ಮನುಷ್ಯ 'ಅಳಿಯ'. ಎರಡನೆಯ ಪುಟದಲ್ಲಿ ಅವನು 'ಗಂಡ' ಆದರೆ ಕಥೆ ಮಗಳ ತಲೆಗೆ ಹಾರಿದೆ. 'ಶಿಕ್ಷಕ' ಆದರೆ ಊರಿನವರ ತಲೆಗೆ. ಹಾಗೇ "ಮಾಸ್ತರು ಬಂದರು" ಎಂದು ಶುರುವಾದ ಕಥೆಯಲ್ಲಿ "ಮಾಸ್ತರ ಹೇಳಿದ" ಎಂದು ಬಂದರೆ ಅದು ಬರೀ ವ್ಯಾಕರಣದ ಏರುಪೇರಲ್ಲ, ನೋಡುವವರ ಮನಸ್ಸು ಬದಲಾದ ಸೂಚನೆ. ಬೇಕೆಂದೇ ಮಾಡಿದರೆ ಅದೊಂದು ಆಯುಧ: ಮೂರು ಪುಟ 'ಬಂದರು, ಹೇಳಿದರು' ಎಂದ ಹುಡುಗ ನಾಲ್ಕನೆಯ ಪುಟದಲ್ಲಿ ಒಮ್ಮೆಲೇ 'ಹೇಳಿದ' ಅಂದರೆ, ಮಾಸ್ತರ ಮೇಲಿನ ಗೌರವ ಕುಸಿದದ್ದನ್ನು ಬೇರೆ ವಿವರಿಸಬೇಕಿಲ್ಲ. ಗೊತ್ತಿಲ್ಲದೆ ಆದರೆ ಮಾತ್ರ ಓದುಗ ಮುಗ್ಗರಿಸುತ್ತಾನೆ.

ಇವೆಲ್ಲ ಆದಮೇಲೆ ಒಂದು ಕೊನೆಯ ಪರೀಕ್ಷೆ. ಅನುಮಾನ ಇರುವ ಪ್ಯಾರಾವನ್ನು ಬೇರೆ ಫೈಲಿಗೆ ನಕಲು ಮಾಡಿ, 'ಅವಳು' ಇದ್ದಲ್ಲೆಲ್ಲ 'ನಾನು' ಮಾಡಿ. ಕನ್ನಡದಲ್ಲಿ ಇದು 'ಫೈಂಡ್ ಅಂಡ್ ರಿಪ್ಲೇಸ್'ನಲ್ಲಿ ಆಗುವುದಿಲ್ಲ. ಕುಂತಳು ಕುಂತೆ ಆಗಬೇಕು, ತಾನು ನಾನು ಆಗಬೇಕು, ಹಾಗಾಗಿ ಕೈಯಿಂದಲೇ ಮಾಡಬೇಕು, ಅದಕ್ಕೇ ಒಂದು ಪ್ಯಾರಾ ಸಾಕು. ಆಮೇಲೆ ಓದಿಸಿ. "ನನ್ನ ಮುಖ ಬಿಳಿಚಿಕೊಂಡಿತು", "ನನಗೆ ಗೊತ್ತಿಲ್ಲದೆ ಅಳಿಯ ಹಿಂದೆ ನಿಂತಿದ್ದ" ಎಂಬಂಥ ವಾಕ್ಯಗಳು ಬಂದರೆ, ಅಲ್ಲಿ ಕ್ಯಾಮೆರಾ ಶಾಂತವ್ವನ ಹೊರಗೆ ನಿಂತಿದೆ. ಮುಖ ಬಿಳಿಚಿದ್ದು ಅವಳಿಗೆ ಕಾಣುವುದಿಲ್ಲ; ಕೈಕಾಲು ತಣ್ಣಗಾದದ್ದು ಗೊತ್ತಾಗುತ್ತದೆ. ಅದನ್ನು ಬರೆಯಿರಿ. ಎಲ್ಲವನ್ನೂ ಬಲ್ಲ ನಿರೂಪಕನನ್ನು ನೀವೇ ಆರಿಸಿಕೊಂಡಿದ್ದರೆ ಈ ಪರೀಕ್ಷೆ ಅನ್ವಯಿಸುವುದಿಲ್ಲ, ಆದರೆ ಅಂಥ ನಿರೂಪಕ ಮೊದಲ ಪ್ಯಾರಾದಲ್ಲೇ ತನ್ನ ಇರವನ್ನು ತೋರಿಸಿರಬೇಕು. ಆರು ಪುಟ ಒಬ್ಬಳ ಮನಸ್ಸಿನಲ್ಲೇ ಇದ್ದು ಏಳನೆಯ ಪುಟದಲ್ಲಿ ಸರ್ವಜ್ಞನಾದರೆ ಯಾರೂ ನಂಬುವುದಿಲ್ಲ.

ಎರಡು ದೃಷ್ಟಿಕೋನ ಸರದಿಯಲ್ಲಿ ಬರುವ ಕಥೆಯಾದರೆ ಎರಡು ದನಿ ಇರುವುದರಿಂದ ಒಂದು ಲಾಭ. ಶಾಂತವ್ವನ ಭಾಗಗಳನ್ನೆಲ್ಲ ಒಂದು ಫೈಲಿಗೆ ಹಾಕಿ ಸಪ್ನಾಳಿಂದ, ಅಳಿಯನ ಭಾಗಗಳನ್ನು ಇನ್ನೊಂದಕ್ಕೆ ಹಾಕಿ ಗಗನ್‌ನಿಂದ ಓದಿಸಿ. ಆಮೇಲೆ ದನಿ ಅದಲುಬದಲು ಮಾಡಿ. ಅದಲು ಮಾಡಿದರೂ ಏನೂ ವ್ಯತ್ಯಾಸ ಕೇಳದಿದ್ದರೆ ಎರಡು ಪಾತ್ರಕ್ಕೂ ಒಂದೇ ವಾಕ್ಯಶೈಲಿ ಇದೆ ಎಂದರ್ಥ. ಹೊಲದಲ್ಲಿ ಬದುಕಿದ ಹೆಂಗಸಿನ ಯೋಚನೆಯ ವಾಕ್ಯವೂ ಕಚೇರಿಯಲ್ಲಿ ಬದುಕಿದವನ ವಾಕ್ಯವೂ ಒಂದೇ ಉದ್ದ, ಒಂದೇ ಪದಸಂಗ್ರಹ ಇರಬಾರದು.

ಸಂಭಾಷಣೆ

"ಯಾಕ ಹೊಳ್ಳಿ ಹೊಂಟೀ ಯವ್ವಾ, ಉಂಡ ಹೋಗಲಾ." ಇಂಥ ಮಾತನ್ನು ಈ ದನಿಗಳು ಅಕ್ಷರ ಬಿಡದೆ ಓದುತ್ತವೆ, ಆದರೆ ರಾಗ ಪಠ್ಯಪುಸ್ತಕದ್ದು. ಎಲ್ಲಿ ಎಳೆಯಬೇಕೋ ಅಲ್ಲಿ ಎಳೆಯುವುದಿಲ್ಲ. ಕೇಳಿದವರಿಗೆ ಸಂಭಾಷಣೆಯೇ ಕೃತಕ ಅನಿಸಿ, 'ಏಕೆ ಹಿಂತಿರುಗುತ್ತಿದ್ದೀಯ' ಎಂದು ತಿದ್ದುವ ಮನಸ್ಸಾಗಬಹುದು. ದಯವಿಟ್ಟು ತಿದ್ದಬೇಡಿ. ತಪ್ಪು ದನಿಯದು, ನಿಮ್ಮ ಅವ್ವನ ಭಾಷೆಯದಲ್ಲ. ಸಂಭಾಷಣೆಯ ವಿಷಯದಲ್ಲಿ ಇದರಿಂದ ಎರಡೇ ಉಪಯೋಗ. ಒಂದು, ಕಾಗುಣಿತ ಸ್ಥಿರವಾಗಿದೆಯೇ ಎಂದು ತಿಳಿಯುತ್ತದೆ: ಒಂದು ಕಡೆ 'ಬರಾಕತ್ತಾನ', ಇನ್ನೊಂದು ಕಡೆ 'ಬರಕತ್ತಾನ' ಇದ್ದರೆ ಕಿವಿಗೆ ಬೇರೆ ಬೇರೆ ಕೇಳುತ್ತದೆ. ಒಂದು ಪಾತ್ರಕ್ಕೆ ಒಂದೇ ರೂಪ ಆರಿಸಿ. ಇನ್ನೊಂದು, ಉದ್ಧರಣ ಚಿಹ್ನೆ ದನಿಗೆ ಕಾಣುವುದಿಲ್ಲ, ದನಿ ಬದಲಾಗುವುದಿಲ್ಲ. ಕೇಳುವಾಗ ಯಾರ ಮಾತು ಅಂತ ತಿಳಿಯದೆ ಹೋದರೆ ಆ ಮಾತಿಗೆ ಅದರದೇ ಆದ ಗುರುತಿಲ್ಲ. 'ಎಂದಳು' ಸೇರಿಸುವ ಮೊದಲು ಮಾತನ್ನೇ ಬದಲಿಸಿ ನೋಡಿ. ಅವ್ವ 'ಯವ್ವಾ' ಅಂದರೆ, ಅಳಿಯ 'ಅತ್ತೀ' ಅಂದರೆ, ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಉಳಿದ ಸಂಭಾಷಣೆಗೆ ಮನುಷ್ಯರೇ ಬೇಕು. ಆ ಭಾಗವನ್ನು ಆ ಊರಿನವರೊಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಓದುತ್ತಾ ಅವರು ತಮಗೆ ಗೊತ್ತಿಲ್ಲದೆ ಪದ ಬದಲಿಸಿದರೆ, ಅವರು ಹೇಳಿದ್ದನ್ನೇ ಬರೆದುಕೊಳ್ಳಿ.

ಕೊರತೆಗಳು, ಬೇರೆ ದಾರಿಗಳು

ಈ ದನಿಗಳು ಅಂತರ್ಜಾಲದ ಮೂಲಕ ಬರುತ್ತವೆ. ನೆಟ್‌ವರ್ಕ್ ಕೈಕೊಟ್ಟರೆ ಓದು ನಿಲ್ಲುತ್ತದೆ. ಬರಹವೂ ಕಂಪನಿಯ ಸರ್ವರಿಗೆ ಹೋಗಿ ದನಿಯಾಗಿ ಬರುತ್ತದೆ, ಆದ್ದರಿಂದ ಮನೆಯವರ ನಿಜ ಹೆಸರು, ಖಾಸಗಿ ವಿವರ ಇರುವ ಆತ್ಮಕಥನವನ್ನು ಓದಿಸುವ ಮೊದಲು ಹೆಸರು ಬದಲಿಸಿಕೊಳ್ಳುವುದು ಒಳ್ಳೆಯದು. ತಿದ್ದಲಿಕ್ಕೆ ಪ್ರತಿ ಸಲ ನೋಟ್‌ಪ್ಯಾಡಿಗೆ ಹೋಗಿ, ಉಳಿಸಿ, ಎಡ್ಜ್‌ನಲ್ಲಿ ಪುಟವನ್ನು ಎಫ್ 5 ಒತ್ತಿ ಹೊಸದು ಮಾಡಬೇಕು. ಇದು ಬೇಸರದ ಕೆಲಸ. ಒಂದೊಂದು ವಾಕ್ಯಕ್ಕೂ ಹೀಗೆ ಓಡಾಡುವ ಬದಲು ಗೀಟು ಹಾಕಿಕೊಂಡು ಇಡೀ ಪ್ಯಾರಾ ಒಟ್ಟಿಗೆ ತಿದ್ದಿ.

ಕಂಪ್ಯೂಟರ್ ಇಲ್ಲದವರಿಗೆ ಆಂಡ್ರಾಯ್ಡ್ ಫೋನಿನ 'ಸೆಲೆಕ್ಟ್ ಟು ಸ್ಪೀಕ್' ಇದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಅದನ್ನು ಚಾಲೂ ಮಾಡಿ, ಟೆಕ್ಸ್ಟ್ ಟು ಸ್ಪೀಚ್ ಎಂಬಲ್ಲಿ ಕನ್ನಡದ ದನಿ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓದುತ್ತದೆ. ದನಿ ಇನ್ನೂ ಚಪ್ಪಟೆ, ಉದ್ದ ವಾಕ್ಯದಲ್ಲಿ ಒತ್ತು ಎಲ್ಲೆಂದರಲ್ಲಿ ಬೀಳುತ್ತದೆ. ವಾಕ್ಯದ ಉದ್ದ ಮತ್ತು ಕೊಂಡಿ ಎಣಿಸಲು ಅಷ್ಟು ಸಾಕು.

ಬರೆಯುವುದನ್ನೂ ಮಾತಿನಲ್ಲೇ ಮಾಡಬಹುದಲ್ಲ ಎಂದು ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್ ಬಳಸುವವರಿದ್ದಾರೆ. ಕನ್ನಡ ಬರುತ್ತದೆ. ಆದರೆ ಪೂರ್ಣವಿರಾಮ, ಅಲ್ಪವಿರಾಮಗಳನ್ನು ಬಾಯಿಂದ ಹೇಳಿ ಹಾಕಿಸುವ ಸೌಲಭ್ಯ ಕನ್ನಡಕ್ಕೆ ಇಲ್ಲ. ವಿರಾಮವಿಲ್ಲದ ಒಂದು ಉದ್ದ ಹೊಳೆ ಹರಿದು ಬರುತ್ತದೆ, ಆಡುಮಾತು ಹಲವು ಸಲ ಪುಸ್ತಕದ ಕನ್ನಡವಾಗಿ ಅಚ್ಚಾಗುತ್ತದೆ. ಮೊದಲ ಕರಡನ್ನು ಹೊರಗೆಳೆಯಲು ಬಳಸಬಹುದು. ವಿರಾಮ ಹಾಕುವ ಕೆಲಸವನ್ನು ಅದೇ ದಿನ ಮುಗಿಸಿಕೊಳ್ಳಿ. ಒಂದು ವಾರ ಬಿಟ್ಟು ನೋಡಿದರೆ ಯಾವ ವಾಕ್ಯ ಎಲ್ಲಿ ಮುಗಿದಿತ್ತು ಎಂಬುದು ಹೇಳಿದವರಿಗೇ ತಿಳಿಯುವುದಿಲ್ಲ.